ಹಬ್ಬದೂಟಕ್ಕೆ ಮುಂಚಿನ ಅರ್ಧ ಗಂಟೆ

ಹಬ್ಬದ ಅಡುಗೆ ಕೈಕೊಡುವುದು ಹೆಚ್ಚಾಗಿ ಕೊನೆಯ ಅರ್ಧ ಗಂಟೆಯಲ್ಲಿ. ಬೆಳಗಿನಿಂದ ಎಲ್ಲವೂ ಅಂದುಕೊಂಡಂತೆಯೇ ನಡೆದಿರುತ್ತದೆ. ತರಕಾರಿ ಹೆಚ್ಚಿ ಮುಗಿದಿರುತ್ತದೆ, ಬೇಳೆ ಬೆಂದಿರುತ್ತದೆ, ಹಾಲು ಕಾದು ಇಳಿದಿರುತ್ತದೆ. ಬಂದವರು ಒಬ್ಬೊಬ್ಬರಾಗಿ ಅಡುಗೆಮನೆಗೆ ಇಣುಕಿ, ಘಮಘಮ ಎನ್ನುತ್ತಿದೆ ಎಂದು ಹೇಳಿ ಹೋಗಿರುತ್ತಾರೆ. ಒಲೆಯ ಮುಂದೆ ನಿಂತವರಿಗೆ ಇನ್ನೇನು ಮುಗಿಯಿತು ಎನ್ನಿಸಿ ಭುಜ ಸ್ವಲ್ಪ ಸಡಿಲವಾಗುತ್ತದೆ. ಆ ಹೊತ್ತಿಗೇ ಒಂದು ಪಾತ್ರೆ ತಳ ಹಿಡಿಯುತ್ತದೆ. ಇಲ್ಲವೇ ಹಾಲು ಒಡೆಯುತ್ತದೆ. ಇಲ್ಲವೇ ಇಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ಒಂದೇ ಪಾತ್ರೆಗೆ ಉಪ್ಪು ಹಾಕಿರುತ್ತಾರೆ.

ಇದನ್ನು ಗ್ರಹಚಾರ ಎಂದು ಬಿಟ್ಟುಬಿಡುವವರಿದ್ದಾರೆ. ನನಗೆ ಹಾಗೆ ಬಿಡಲು ಮನಸ್ಸಾಗುವುದಿಲ್ಲ. ಹಬ್ಬದ ದಿನವೇ ಅಡುಗೆ ಕೆಡುವುದಕ್ಕೆ ಕಾರಣಗಳಿವೆ. ಕೆಲವು ಪಾತ್ರೆಯ ಅಳತೆಗೆ ಸಂಬಂಧಿಸಿದವು, ಕೆಲವು ಉರಿಗೆ ಸಂಬಂಧಿಸಿದವು. ಎಲ್ಲಕ್ಕಿಂತ ದೊಡ್ಡದು ಒಂದಿದೆ: ಆ ದಿನ ಅಡುಗೆಮನೆಯಲ್ಲಿ ನಿಂತವರು ಮನೆ ತುಂಬ ಜನರಿದ್ದರೂ ಒಂಟಿಯಾಗಿರುತ್ತಾರೆ. ಕೊನೆಯ ಗಳಿಗೆಯಲ್ಲಿ ಊಟವನ್ನು ಉಳಿಸುವ ಉಪಾಯಗಳ ಬಗ್ಗೆ ಬೇಕಾದಷ್ಟು ಓದಿದ್ದೇನೆ. ಆದರೆ ಆ ಗಳಿಗೆಯಲ್ಲಿ ಮೊದಲು ಉಳಿಸಬೇಕಾದದ್ದು ಅಡುಗೆ ಮಾಡಿದವರನ್ನು ಎಂಬುದನ್ನು ನಾನು ಕಲಿತದ್ದು ನಮ್ಮ ದೊಡ್ಡಮ್ಮನಿಂದ.

ಮೊದಲು ಪಾತ್ರೆಯ ವಿಷಯ. ದಿನವೂ ನಾಲ್ಕು ಜನರಿಗೆ ಅಡುಗೆ ಮಾಡುವ ಮನೆ ಹಬ್ಬದ ದಿನ ಅದರ ಐದಾರು ಪಟ್ಟು ಜನರಿಗೆ ಮಾಡುತ್ತದೆ. ಮಾಡುವವರು ಅವರೇ, ಒಲೆಯೂ ಅದೇ, ಪಾತ್ರೆ ಮಾತ್ರ ಬೇರೆ. ಅಗಲವೂ ಎತ್ತರವೂ ಇಮ್ಮಡಿಯಾದ ಪಾತ್ರೆಯಲ್ಲಿ 8 ಪಟ್ಟು ಅಡುಗೆ ಹಿಡಿಸುತ್ತದೆ, ಆದರೆ ಅದರ ತಳದ ವಿಸ್ತೀರ್ಣ 4 ಪಟ್ಟು ಮಾತ್ರ ಹೆಚ್ಚುತ್ತದೆ. ಒಲೆಯ ಉರಿಯಂತೂ ಒಂದಿಷ್ಟೂ ಹೆಚ್ಚುವುದಿಲ್ಲ. ಹಾಗಾಗಿ ದಿನದ ಲೆಕ್ಕದಲ್ಲಿ ಕಾಲು ಗಂಟೆಗೆ ಕುದಿಯಬೇಕಾದದ್ದು ಒಂದು ಗಂಟೆಯಾದರೂ ಕುದಿಯುವುದಿಲ್ಲ. ಗಡಿಯಾರ ನೋಡಿದವರ ಕೈ ತಾನಾಗಿ ಒಲೆಯ ಗುಬ್ಬಿಯ ಕಡೆಗೆ ಹೋಗುತ್ತದೆ.

ನೀರಾಗಿರುವ ಅಡುಗೆಯಾದರೆ ಉರಿ ಹೆಚ್ಚಿಸಿದರೂ ಅಪಾಯ ಕಡಿಮೆ. ತಳದಲ್ಲಿ ಕಾದ ನೀರು ಮೇಲೇರುತ್ತದೆ, ಮೇಲಿನ ತಣ್ಣನೆಯದು ಕೆಳಗಿಳಿಯುತ್ತದೆ, ಶಾಖ ತಾನಾಗಿಯೇ ಪಾತ್ರೆಯ ತುಂಬ ಹಂಚಿಹೋಗುತ್ತದೆ. ಬೇಳೆ, ಅಕ್ಕಿ, ಆಲೂಗಡ್ಡೆಯಂಥವುಗಳಲ್ಲಿ ಪಿಷ್ಟವಿದೆ. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಅಡುಗೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ನೀರಿನ ಆ ಏರಿಳಿತದ ಓಡಾಟ ನಿಂತುಹೋಗುತ್ತದೆ. ತಳದಲ್ಲಿ ಕೂತದ್ದು ಅಲ್ಲೇ ಕೂತಿರುತ್ತದೆ. ಅದರ ನೀರು ಆವಿಯಾಗಿ ಹೋದ ಮೇಲೆ ಶಾಖ 100 ಡಿಗ್ರಿಯನ್ನು ದಾಟುತ್ತದೆ. 140ರ ಆಸುಪಾಸಿನಲ್ಲಿ ಸಕ್ಕರೆಯ ಅಂಶವೂ ಸಸಾರಜನಕದ ಅಂಶವೂ ವೇಗವಾಗಿ ಬೆರೆತು ಕಂದುಬಣ್ಣ ಹುಟ್ಟುತ್ತದೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಎಂಬ ರಸಾಯನಶಾಸ್ತ್ರಜ್ಞರು ವಿವರಿಸಿದ ಕ್ರಿಯೆ ಇದೇ. ಸುಟ್ಟ ರೊಟ್ಟಿಯ ಮೇಲಿನ ಹೊಂಬಣ್ಣದ ಪರಿಮಳವೂ ಅದರಿಂದಲೇ ಬರುತ್ತದೆ. ಆದರೆ ಪಾತ್ರೆಯ ತಳದಲ್ಲಿ ಅದನ್ನು ತಡೆಯುವವರಿಲ್ಲ. ಕಂದು ಕಪ್ಪಾಗುತ್ತದೆ, ಪರಿಮಳ ಕಹಿಯಾಗುತ್ತದೆ.

ಆ ವರ್ಷ ನಮ್ಮಲ್ಲಿ ಆದದ್ದು ಅಕ್ಷರಶಃ ಇದೇ. ಅತ್ತಿಗೆ ಮೊದಲ ಬಾರಿಗೆ ಹಬ್ಬದೂಟದ ಹೊಣೆ ಹೊತ್ತಿದ್ದರು. ಬೇಳೆ ಮತ್ತು ತರಕಾರಿ ಬೇಯುತ್ತಿದ್ದ ದೊಡ್ಡ ಪಾತ್ರೆಯೇ ಊಟದ ಮುಖ್ಯ ಅಡುಗೆ, ಉಳಿದವೆಲ್ಲ ಅದಕ್ಕೆ ಜೊತೆ. ಬೇಳೆ ಕರಗಿ ಗಟ್ಟಿಯಾಗಿತ್ತು. ನಡುವಿನಲ್ಲಿ ಆಗೊಂದು ಈಗೊಂದು ದಪ್ಪ ಗುಳ್ಳೆ ಮೇಲೆದ್ದು ಒಡೆಯುತ್ತಿತ್ತು. ಬಾಗಿಲಿಗೆ ಬಂದವರನ್ನು ಕರೆದು ಕೂರಿಸಲು ಅತ್ತಿಗೆ ಹೊರಗೆ ಹೋದರು. ಹೊತ್ತಾಗುತ್ತಿದೆಯೆಂದು ಯಾರೋ ಉರಿ ದೊಡ್ಡದು ಮಾಡಿದರು. ಸಹಾಯವಾಗಲಿ ಎಂದೇ ಮಾಡಿದ್ದು. ಅತ್ತಿಗೆ ಮರಳಿ ಬರುವಷ್ಟರಲ್ಲಿ ನಡುವಿನ ಗುಳ್ಳೆಗಳು ನಿಂತು, ಪಾತ್ರೆಯ ಅಂಚಿನಿಂದ ಮಾತ್ರ ಹಬೆ ಚುಯ್ಯೆಂದು ಚಿಮ್ಮುತ್ತಿತ್ತು. ಮೊದಲು ಬಂದದ್ದು ಹುರಿದಂಥ ಹಿತವಾದ ವಾಸನೆ. ಅದರ ಬೆನ್ನಿಗೇ ಸೀದ ವಾಸನೆ.

ಅತ್ತಿಗೆ ಓಡಿ ಬಂದು ಸೌಟು ಹಿಡಿದರು. ತಳದವರೆಗೆ ಇಳಿಸಿ ಜೋರಾಗಿ ತಿರುಗಿಸಬೇಕು ಎನ್ನಿಸುವುದು ಸಹಜ, ಯಾರಾದರೂ ಅದನ್ನೇ ಮಾಡುತ್ತಾರೆ. ಹಿಂದಿನಿಂದ ದೊಡ್ಡಮ್ಮನ ದನಿ ಬಂತು.

"ಸೌಟು ಹಾಕಬೇಡಮ್ಮ. ಮೊದಲು ಒಲೆ ಆರಿಸು."

ಎಲ್ಲ ಒಲೆಗಳನ್ನೂ ಆರಿಸಿದ್ದಾಯಿತು, ಚೆನ್ನಾಗಿ ಬೇಯುತ್ತಿದ್ದವುಗಳನ್ನೂ ಸೇರಿಸಿ. ಆಗ ನನಗೆ ಅದರ ಅರ್ಥ ತಿಳಿದಿರಲಿಲ್ಲ. ಒಂದು ಪಾತ್ರೆಯ ಕಡೆಗೆ ಎಲ್ಲರ ಗಮನ ಹೋದಾಗ ಪಕ್ಕದ್ದು ಕೆಡುತ್ತದೆ ಎಂಬುದನ್ನು ಅವರು ಎಷ್ಟು ಸಲ ನೋಡಿದ್ದರೋ. ಆಮೇಲೆ ಕಿಟಕಿ ತೆರೆಸಿದರು. ಒಂದು ಖಾಲಿ ಪಾತ್ರೆ ತರಿಸಿದರು. ದಪ್ಪ ಬಟ್ಟೆಯಿಂದ ಎರಡೂ ಕಡೆ ಹಿಡಿದು, ಅಲುಗಾಡಿಸದೆ ಸೀದ ಪಾತ್ರೆಯನ್ನು ಕೆಳಗಿಳಿಸಿ, ಅಗಲವಾದ ಸೌಟಿನಿಂದ ಮೇಲಿನದನ್ನು ಪದರ ಪದರವಾಗಿ ತೆಗೆದು ಹೊಸ ಪಾತ್ರೆಗೆ ಹಾಕತೊಡಗಿದರು. ಸೌಟು ಎಂದೂ ನೇರವಾಗಿ ಇಳಿಯಲಿಲ್ಲ, ನೀರಿನ ಮೇಲಿನ ಕೆನೆ ತೆಗೆಯುವಂತೆ ಅಡ್ಡಲಾಗಿಯೇ ಸರಿಯುತ್ತಿತ್ತು. ತಳಕ್ಕೆ ನಾಲ್ಕು ಬೆರಳು ಉಳಿದಾಗ ನಿಲ್ಲಿಸಿದರು. ಇನ್ನೂ ಸ್ವಲ್ಪ ತೆಗೆಯಬಹುದಲ್ಲವೇ ಎಂದು ಅತ್ತಿಗೆ ಕೇಳಿದರು. ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದರು.

ಅದರ ಹಿಂದಿನ ಕಾರಣ ಸರಳ. ಸೀದದ್ದು ತಳದ ತೆಳು ಪದರ ಮಾತ್ರ. ಕಹಿಯೂ ಹೊಗೆಯ ವಾಸನೆಯೂ ಅಲ್ಲೇ ಹುಟ್ಟುತ್ತವೆ. ಕೆರೆದರೆ ಆ ಕಪ್ಪು ಚೂರುಗಳು ಪಾತ್ರೆಯ ತುಂಬ ಹರಡಿ, ಬಿಸಿಯಲ್ಲಿ ತಮ್ಮ ಕಹಿಯನ್ನು ಬಿಡುತ್ತಾ ಹೋಗುತ್ತವೆ. ಕೆರೆಯದೆ ಬಿಟ್ಟರೆ ಮೇಲಿನ ಬಹುಪಾಲು ಅಡುಗೆ ಚೆನ್ನಾಗಿಯೇ ಇರುತ್ತದೆ. ಪಾತ್ರೆಯನ್ನು ಬಿಸಿ ಇರುವಾಗಲೇ ಬದಲಿಸಬೇಕು, ಏಕೆಂದರೆ ಒಲೆ ಆರಿಸಿದ ಮೇಲೂ ದಪ್ಪ ತಳದ ಪಾತ್ರೆ ಬಹಳ ಹೊತ್ತು ಸುಡುತ್ತಲೇ ಇರುತ್ತದೆ.

ರುಚಿ ನೋಡುವ ವಿಷಯದಲ್ಲಿ ದೊಡ್ಡಮ್ಮ ಮಾಡಿದ್ದು ನನಗೆ ಇಂದಿಗೂ ಬಹಳ ಮೆಚ್ಚಿಗೆ. ಒಂದು ಸಣ್ಣ ಬಟ್ಟಲಿಗೆ ಎರಡು ಚಮಚ ಹಾಕಿಕೊಂಡು ಮನೆಯ ಹೊರಗೆ ಹೋದರು. ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು, ಒಂದು ಗುಟುಕು ನೀರು ಕುಡಿದು, ಆಮೇಲೆ ಬಾಯಿಗಿಟ್ಟರು. ಹೊಗೆ ತುಂಬಿದ ಅಡುಗೆಮನೆಯಲ್ಲಿ ರುಚಿ ನೋಡಿದರೆ ಮೂಗು ಮೋಸ ಮಾಡುತ್ತದೆ. ನಾವು ರುಚಿ ಎನ್ನುವುದರಲ್ಲಿ ವಾಸನೆಯದೇ ದೊಡ್ಡ ಪಾಲು. ಸೀದ ವಾಸನೆ ಸುತ್ತಲೂ ಇರುವಾಗ ಚೆನ್ನಾಗಿರುವುದೂ ಸೀದಂತೆಯೇ ತೋರಬಹುದು. ಬಹಳ ಹೊತ್ತು ಅಲ್ಲೇ ಇದ್ದು ಮೂಗು ಒಗ್ಗಿಹೋಗಿದ್ದರೆ ನಿಜವಾಗಿ ಸೀದದ್ದೂ ಗೊತ್ತಾಗದೆ ಹೋಗಬಹುದು. ಎಷ್ಟೋ ಮನೆಗಳಲ್ಲಿ ತಿನ್ನಬಹುದಾದ ಅಡುಗೆಯನ್ನು ಗಾಬರಿಯಲ್ಲಿ ಚೆಲ್ಲಿರುತ್ತಾರೆ.

ಒಳಗೆ ಬಂದು, "ಮುಕ್ಕಾಲು ಪಾಲು ಉಳಿಯಿತು. ಕಾಲು ಪಾಲು ಹೊಸದಾಗಿ ಮಾಡಬೇಕು" ಎಂದರು.

ಅತ್ತಿಗೆಯ ಕಣ್ಣಲ್ಲಿ ನೀರಿತ್ತು. "ಹೊರಗಿನವರಿಗೆ ಹೇಳಬೇಡಿ ಅತ್ತೆ" ಎಂದರು.

ದೊಡ್ಡಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿ, "ಬೆಳಗಿನಿಂದ ನೀನು ಏನು ತಿಂದಿದ್ದೀಯ?" ಎಂದು ಕೇಳಿದರು. ಅತ್ತಿಗೆ ಏನನ್ನೂ ತಿಂದಿರಲಿಲ್ಲ. ಮನೆಯ ಎಲ್ಲರಿಗೂ ತಿಂಡಿ ಕೊಟ್ಟವರು ತಾವು ತಿನ್ನುವುದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದರು. ತಟ್ಟೆಯಲ್ಲಿ ಅನ್ನ ಮೊಸರು ಕಲಸಿ ಅವರ ಕೈಗಿಟ್ಟು ದೊಡ್ಡಮ್ಮ ಹೇಳಿದರು: "ಹೇಳದಿದ್ದರೆ ಅವರೆಲ್ಲ ಹಸಿದುಕೊಂಡು ಗಡಿಯಾರ ನೋಡುತ್ತಾರೆ. ಬೇಳೆ ತಳ ಹಿಡಿಯಿತು, ಮುಕ್ಕಾಲು ಗಂಟೆ ತಡವಾಗುತ್ತದೆ ಎಂದು ಹೇಳೋಣ. ಅಷ್ಟೇ."

ಅಣ್ಣ ಹೋಗಿ ಹೇಳಿದ. ಅದಾದ ಮೇಲೆ ನಡೆದದ್ದಕ್ಕೆ ಸಿದ್ಧತೆಯೇನೂ ಇರಲಿಲ್ಲ. ಒಬ್ಬರು ತೋಳು ಮಡಚಿಕೊಂಡು ಬಂದು ಚಾಕು ಎಲ್ಲಿದೆ ಎಂದು ಕೇಳಿದರು. ಇನ್ನೊಬ್ಬರು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯತೊಡಗಿದರು. ಅದುವರೆಗೆ ಮೊಬೈಲ್ ನೋಡುತ್ತಾ ಕೂತಿದ್ದ ಹುಡುಗರು ಬಟಾಣಿ ಬಿಡಿಸಿದರು. ಅಷ್ಟೂ ಜನ ಬೆಳಗಿನಿಂದ ಪಕ್ಕದ ಕೋಣೆಯಲ್ಲೇ ಇದ್ದರು. ಕರೆಯುವವರಿರಲಿಲ್ಲ, ಕರೆಯಬಹುದೆಂದು ಅತ್ತಿಗೆಗೆ ಹೇಳಿದವರೂ ಇರಲಿಲ್ಲ.

ಹೊಸ ಬೇಳೆಗೆ ದೊಡ್ಡಮ್ಮ ಆರಿಸಿದ್ದು ಸಿಪ್ಪೆ ತೆಗೆದು ಒಡೆದ ಕೆಂಪು ಬೇಳೆ. ಸಣ್ಣದಾದ್ದರಿಂದ ನೆನೆಸದಿದ್ದರೂ ಅದು ಇಪ್ಪತ್ತು ನಿಮಿಷದ ಆಚೀಚೆ ಬೆಂದುಬಿಡುತ್ತದೆ. ಕುಕ್ಕರಿನಲ್ಲಿ ಇನ್ನೂ ಬೇಗ. ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದ ಕಾಯುವ ಹೊತ್ತು ತೀರಾ ಕಡಿಮೆಯಾಗುತ್ತದೆ. 1679ರಲ್ಲಿ ಡೆನಿ ಪಾಪಿನ್ ಎಂಬ ವಿಜ್ಞಾನಿ ಮೂಳೆಯನ್ನೂ ಮೆತ್ತಗಾಗಿಸುವ ಮುಚ್ಚಿದ ಪಾತ್ರೆಯನ್ನು ಮಾಡಿದಾಗ ಇಂಥ ಸಂಜೆಗಳು ಅವರ ಮನಸ್ಸಿನಲ್ಲಿ ಇರಲಾರವು, ಆದರೂ ಅವರಿಗೆ ನಾವು ಋಣಿಗಳು. ನಿಂಬೆರಸವನ್ನು ಮಾತ್ರ ದೊಡ್ಡಮ್ಮ ಕೊನೆಯವರೆಗೂ ಹತ್ತಿರ ಬಿಡಲಿಲ್ಲ. ಬೇಳೆ ಬೇಯುವ ಮುನ್ನ ಹುಳಿ ಬಿದ್ದರೆ ಅದರ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಸಡಿಲವಾಗುವುದಿಲ್ಲ, ಗಂಟೆಗಟ್ಟಲೆ ಕುದಿಸಿದರೂ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಒಂದು ಅಪಘಾತವನ್ನು ಸರಿಪಡಿಸುವ ಆತುರದಲ್ಲಿ ಎರಡನೆಯದಕ್ಕೆ ದಾರಿಯಾಗುವುದು ಹೀಗೆಯೇ.

ಊಟ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚೇ ತಡವಾಯಿತು. ಚೆನ್ನಾಗಿತ್ತು.

ಆಮೇಲಿನ ವರ್ಷಗಳಲ್ಲಿ ಇಂಥ ಸಂಗತಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಬಲ್ಲವರನ್ನು ಕೇಳಿದೆ. ಕೆಲವನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು.

ಉಪ್ಪು ಹೆಚ್ಚಾದರೆ ತೆಗೆಯುವ ದಾರಿಯಿಲ್ಲ. ಕರಗಿದ ಉಪ್ಪು ಅಡುಗೆಯ ಪ್ರತಿ ಹನಿಯಲ್ಲೂ ಇದೆ. ಆಲೂಗಡ್ಡೆಯ ತುಂಡು ಹಾಕಿದರೆ ಉಪ್ಪನ್ನು ಹೀರಿಕೊಳ್ಳುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆಲೂಗಡ್ಡೆ ಉಪ್ಪನ್ನು ಮಾತ್ರ ಆರಿಸಿ ಹೀರುವುದಿಲ್ಲ, ಉಪ್ಪಿರುವ ನೀರನ್ನು ಹೀರುತ್ತದೆ. ಉಳಿದ ನೀರು ಹೆಚ್ಚುಕಡಿಮೆ ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದೆ ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ ಬೆರೆಸಿದರೆ ಪ್ರಯೋಜನವಿದೆ, ಏಕೆಂದರೆ ಆಗ ಅಡುಗೆಯ ಪ್ರಮಾಣವೇ ಹೆಚ್ಚುತ್ತದೆ. ಲೆಕ್ಕ ಹೀಗೆ: 4 ಲೀಟರ್ ಅಡುಗೆಗೆ 60 ಗ್ರಾಂ ಉಪ್ಪು ಬಿದ್ದಿದ್ದರೆ ಅದು ಶೇಕಡಾ 1.5. ಬಹುತೇಕರ ನಾಲಿಗೆಗೆ ಹಿತವಾಗುವುದು ಶೇಕಡಾ 1ರ ಆಸುಪಾಸು. ಅಲ್ಲಿಗೆ ತರಲು ಉಪ್ಪಿಲ್ಲದ 2 ಲೀಟರ್ ಸೇರಲೇಬೇಕು. ಪಾತ್ರೆಯಲ್ಲಿ ಜಾಗವಿಲ್ಲದಿದ್ದರೆ ಅರ್ಧವನ್ನು ಬೇರೆ ತೆಗೆದಿಟ್ಟು ಇನ್ನರ್ಧವನ್ನು ಸರಿಮಾಡುವುದು ಒಳ್ಳೆಯದು. ಸಿಹಿಗೆ ಸಕ್ಕರೆಯ ಬದಲು ಉಪ್ಪು ಬಿದ್ದರೆ ಅದರ ಮೇಲೆ ಹಾಲು, ತುಪ್ಪ, ಹೊತ್ತು ಯಾವುದನ್ನೂ ಖರ್ಚು ಮಾಡಬೇಡಿ. ಹಣ್ಣು ಹೆಚ್ಚಿಡಿ.

ಖಾರ ಹೆಚ್ಚಾದದ್ದಕ್ಕೆ ದಾರಿಯಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಅದಕ್ಕೇ ನೀರು ಕುಡಿದರೆ ಉರಿ ಆರುವುದಿಲ್ಲ, ಹಾಲು ಮೊಸರಿನಿಂದ ಆರುತ್ತದೆ. ಕೆನೆ, ಬೆಣ್ಣೆ, ಕಾಯಿಹಾಲು, ಅರೆದ ಬೀಜಗಳು, ಯಾವುದಾದರೂ ನಡೆಯುತ್ತದೆ. ಮೆಣಸಿನಕಾಯಿಯ ಖಾರವನ್ನು ಅಳೆಯುವ ವಿಧಾನವನ್ನು ಅಮೆರಿಕದ ವಿಲ್ಬರ್ ಸ್ಕೋವಿಲ್ ರೂಪಿಸಿದ್ದೂ ಮಯಾರ್ ಅವರ ಅದೇ 1912ರಲ್ಲಿ. ಅಡುಗೆಮನೆಯ ಪಾಲಿಗೆ ಅದೊಂದು ದೊಡ್ಡ ವರ್ಷ.

ಒಡೆದ ಹಾಲು ಮತ್ತೆ ಹಾಲಾಗುವುದಿಲ್ಲ. ಹಾಲಿನ ಪಿಎಚ್, ಅಂದರೆ ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ, ಸುಮಾರು 6.7. ಅದರಲ್ಲಿನ ಕೇಸಿನ್ ಎಂಬ ಸಸಾರಜನಕದ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಹುಳಿ ಸೇರಿ ಪಿಎಚ್ 4.6ರ ಕಡೆಗೆ ಇಳಿಯುತ್ತಿದ್ದಂತೆ ಆ ತಳ್ಳಾಟ ನಿಂತು ಕಣಗಳು ಒಟ್ಟುಗೂಡಿ ಗಟ್ಟಿಯಾಗುತ್ತವೆ. ಹಾಲು ಬಿಸಿಯಾಗಿದ್ದರೆ ಅಷ್ಟು ಹುಳಿಯೂ ಬೇಕಿಲ್ಲ, ಸ್ವಲ್ಪ ಹಳೆಯದಾಗಿದ್ದರೂ ಕುದಿಯುವಾಗ ಒಡೆಯುತ್ತದೆ. ಹೊಸ ಹಾಲು ಹುಳಿಯಿಂದ ಒಡೆದಿದ್ದರೆ ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, ಹಿಂಡಿದರೆ ಮೆತ್ತನೆಯ ಗಿಣ್ಣು ಸಿಗುತ್ತದೆ. ಸಕ್ಕರೆ ಬೆರೆಸಿ ನಾದಿದರೆ ಅದೇ ಒಂದು ಸಿಹಿ. ಅಂದುಕೊಂಡ ಸಿಹಿ ಹೋಗಿ ಬೇರೊಂದು ಸಿಹಿ ಬಂದರೆ ತಿನ್ನುವವರಿಗೆ ನಷ್ಟವಿಲ್ಲ. ಕೇಕು ನಡುವೆ ಕುಸಿದರೂ ಹಾಗೆಯೇ. ಚೂರು ಮಾಡಿ ಬಟ್ಟಲಲ್ಲಿ ಹಾಕಿ, ಮೇಲೆ ಕೆನೆ ಹಣ್ಣು ಹರಡಿದರೆ ಸಾಕು.

ಆದರೆ ಎಲ್ಲವನ್ನೂ ಉಳಿಸಲು ಹೊರಡಬಾರದು. ಇಲ್ಲಿ ನಾನು ಕಟ್ಟುನಿಟ್ಟು. ಬೆಂದ ಅಡುಗೆ 5ರಿಂದ 60 ಡಿಗ್ರಿಯ ನಡುವೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇದ್ದರೆ ಅದನ್ನು ಬಡಿಸಬಾರದು. ಅನುಕೂಲವಾದ ಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತೇ ನಿಮಿಷಕ್ಕೆ ಇಮ್ಮಡಿಯಾಗುತ್ತವೆ. ಆ ಲೆಕ್ಕದಲ್ಲಿ ನಾಲ್ಕು ಗಂಟೆಗೆ ಒಂದು ನಾಲ್ಕು ಸಾವಿರ ದಾಟುತ್ತದೆ. ಮತ್ತೆ ಕುದಿಸಿದರೆ ಸರಿಹೋಗುತ್ತದೆ ಎಂಬ ಧೈರ್ಯ ಅನ್ನದ ವಿಷಯದಲ್ಲಂತೂ ಕೂಡದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಬೆಳೆದು ಅದು ಬಿಡುವ, ವಾಂತಿ ಬರಿಸುವ ವಿಷ ಬಿಸಿ ಮಾಡಿದರೂ ಅಳಿಯುವುದಿಲ್ಲ. ಹಿಮಗಟ್ಟಿದ ಮಾಂಸ ಕರಗದಿದ್ದರೆ ಬಿಸಿನೀರಿಗೆ ಹಾಕುವುದೂ ತಪ್ಪು, ಹೊರಭಾಗ ಬೆಚ್ಚಗಾಗಿ ಒಳಗೆ ಹಿಮ ಉಳಿಯುತ್ತದೆ. ನೀರು ಹೋಗದ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟದೆ ತಟ್ಟೆಗೆ ಬರಬಾರದು. ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದೆ ಬಿಡಿ, ಒಳಗಿನದು ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ನೀರು ಆ ಎಣ್ಣೆಯಡಿ ಸಾವಿರದ ಏಳುನೂರು ಪಟ್ಟಿನಷ್ಟು ಹಿಗ್ಗಿ ಹಬೆಯಾಗಿ ಉರಿಯುವ ಎಣ್ಣೆಯನ್ನು ಎಲ್ಲೆಡೆ ಎರಚುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಜನರನ್ನು ಹೊರಗೆ ಕಳಿಸಿ. ಊಟ ಹೋದರೆ ಹೋಗಲಿ.

ಹಬ್ಬದೂಟದ ಅವಘಡ ಎಂದಾಗಲೆಲ್ಲ ನನಗೆ ನೆನಪಾಗುವುದು ಫ್ರಾಂಸ್ವಾ ವಾಟೆಲ್. 1671ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಶಾಂತಿಯಿ ಎಂಬಲ್ಲಿ ಕೊಂಡೆಯ ರಾಜಕುಮಾರ ದೊರೆ ಹದಿನಾಲ್ಕನೆಯ ಲೂಯಿಗೂ ಅವನ ದೊಡ್ಡ ಪರಿವಾರಕ್ಕೂ ಔತಣ ಏರ್ಪಡಿಸಿದ್ದ. ವಾಟೆಲ್ ಆ ಔತಣದ ಮೇಲ್ವಿಚಾರಕ. ಗುರುವಾರ ರಾತ್ರಿ ನಿರೀಕ್ಷೆಗಿಂತ ಹೆಚ್ಚು ಜನ ಬಂದದ್ದರಿಂದ ಕೆಲವು ಮೇಜುಗಳಿಗೆ ಹುರಿದ ಮಾಂಸ ಸಾಲದೆ ಹೋಯಿತು. ದೊರೆ ಕೂತ ಮೇಜಿಗೆ ಕಡಿಮೆಯಾಗಿರಲಿಲ್ಲ. ಆದರೂ ವಾಟೆಲ್ ಮನಸ್ಸಿಗೆ ಅದು ಹತ್ತಿಕೊಂಡಿತು. ತಲೆ ತಿರುಗುತ್ತಿದೆ, ಹನ್ನೆರಡು ರಾತ್ರಿಗಳಿಂದ ನಿದ್ದೆ ಮಾಡಿಲ್ಲ ಎಂದು ಗೂರ್ವಿಲ್ ಎಂಬ ಅಧಿಕಾರಿಯ ಬಳಿ ಹೇಳಿಕೊಂಡ. ರಾಜಕುಮಾರನೇ ಅವನ ಕೋಣೆಗೆ ಹೋಗಿ ಎಲ್ಲವೂ ಚೆನ್ನಾಗಿತ್ತು ಎಂದು ಸಮಾಧಾನ ಹೇಳಿದ. ಮರುದಿನ ಶುಕ್ರವಾರ, ಮಾಂಸವಿಲ್ಲದ ದಿನ, ಮೀನೇ ಬೇಕು. ಬೆಳಗಿನ ಜಾವ ಬಂದದ್ದು ಎರಡೇ ಹೊರೆ. ಇಷ್ಟೇ ಏನು ಎಂದು ಕೇಳಿದ, ಇಷ್ಟೇ ಎಂದರು. ತಂದವನಿಗೆ ವಾಟೆಲ್ ಎಲ್ಲ ಬಂದರುಗಳಿಗೂ ಹೇಳಿ ಕಳಿಸಿದ್ದು ಗೊತ್ತಿರಲಿಲ್ಲ. ಈ ಅವಮಾನ ಹೊತ್ತು ಬದುಕಲಾರೆ ಎಂದು ವಾಟೆಲ್ ಮತ್ತೆ ಗೂರ್ವಿಲ್ ಬಳಿ ಹೇಳಿದ. ಗೂರ್ವಿಲ್ ಅದನ್ನು ನಗೆಯಾಡಿ ತಳ್ಳಿಹಾಕಿದ. ವಾಟೆಲ್ ತನ್ನ ಕೋಣೆಗೆ ಹೋಗಿ ಪ್ರಾಣ ಕಳೆದುಕೊಂಡ. ಅಷ್ಟರಲ್ಲಿ ಎಲ್ಲ ಕಡೆಗಳಿಂದ ಮೀನು ಬಂದು ಸೇರತೊಡಗಿತ್ತು, ಹಂಚುವುದು ಹೇಗೆಂದು ಕೇಳಲು ಅವನನ್ನೇ ಹುಡುಕುತ್ತಿದ್ದರು. ಇದನ್ನೆಲ್ಲ ಆ ಕಾಲದ ಫ್ರೆಂಚ್ ಪತ್ರಲೇಖಕಿ ಮದಾಂ ದ ಸೆವಿನ್ಯೆ ಆಗಲೇ ತಮ್ಮ ಪತ್ರದಲ್ಲಿ ಬರೆದಿಟ್ಟಿದ್ದಾರೆ.

ಈ ಕಥೆಯನ್ನು ಸಾಮಾನ್ಯವಾಗಿ ಕಸುಬಿನ ಮೇಲಿನ ಅಭಿಮಾನದ ಕಥೆಯಾಗಿ ಹೇಳುತ್ತಾರೆ. ನಾನು ಅದನ್ನು ಒಪ್ಪಲಾರೆ. ನನ್ನ ಕಣ್ಣು ನಿಲ್ಲುವುದು ಗೂರ್ವಿಲ್ ನಕ್ಕ ಗಳಿಗೆಯ ಮೇಲೆ. ವಾಟೆಲ್ ಮುಚ್ಚಿಟ್ಟಿರಲಿಲ್ಲ. ನಿದ್ದೆಯಿಲ್ಲ ಎಂದೂ ಹೇಳಿದ್ದ, ಬದುಕಲಾರೆ ಎಂದೂ ಹೇಳಿದ್ದ. ಮೀನಿನ ಲೆಕ್ಕ ನಾನು ನೋಡಿಕೊಳ್ಳುತ್ತೇನೆ, ನೀನು ಮಲಗು ಎಂದು ಹೇಳುವ ಒಬ್ಬರು ಅಲ್ಲಿರಲಿಲ್ಲ. ಹೊಗಳಿಕೆಯೂ ಅವನಿಗೆ ನೆರವಾಗಲಿಲ್ಲ, ಏಕೆಂದರೆ ಹೊಗಳಿದವರು ಕೆಲಸ ಹಂಚಿಕೊಳ್ಳಲಿಲ್ಲ.

ನಮ್ಮ ಮನೆಗಳಲ್ಲಿ ದೊರೆಯೂ ಇಲ್ಲ, ಪರಿವಾರವೂ ಇಲ್ಲ. ಆದರೂ ಹಬ್ಬದ ದಿನ ಒಬ್ಬರ ತಲೆಯ ಮೇಲೆ ಬೀಳುವ ಭಾರ ನಿಜವಾದದ್ದು. ಅಮೆರಿಕದ ಬಟರ್‌ಬಾಲ್ ಎಂಬ ಕಂಪನಿ 1981ರಲ್ಲಿ ಹಬ್ಬದ ಅಡುಗೆಯಲ್ಲಿ ತೊಂದರೆಗೆ ಸಿಕ್ಕವರಿಗಾಗಿ ದೂರವಾಣಿ ಸೇವೆಯೊಂದನ್ನು ತೆರೆಯಿತು. ಗೃಹವಿಜ್ಞಾನ ಓದಿದ ಆರು ಜನ ಆ ಮೊದಲ ವರ್ಷವೇ 11 ಸಾವಿರ ಕರೆಗಳಿಗೆ ಉತ್ತರಿಸಿದರು. ಕೇಳಿದ್ದು ಟರ್ಕಿ ಕೋಳಿ ಬೇಯುವ ಬಗ್ಗೆ ಇರಬಹುದು. ಆದರೆ ಅಷ್ಟೊಂದು ಜನ ಪಕ್ಕದ ಕೋಣೆಯವರನ್ನು ಬಿಟ್ಟು ಗುರುತಿಲ್ಲದವರಿಗೆ ಫೋನ್ ಮಾಡಿದರು ಎಂಬುದು ನನ್ನನ್ನು ಕಾಡುತ್ತದೆ. ಗೊತ್ತಿರುವವರು ಅಳೆದು ನೋಡುತ್ತಾರೆ ಎಂಬ ಭಯ ಬಹಳ ಅಡುಗೆಮನೆಗಳಲ್ಲಿದೆ. 'ಹೋದ ವರ್ಷ ಎಷ್ಟು ಚೆನ್ನಾಗಿತ್ತು' ಎಂದು ಊಟದ ನಡುವೆ ಸಲೀಸಾಗಿ ಹೇಳುವವರು ಆ ಭಯವನ್ನು ಬೆಳೆಸುತ್ತಾರೆ. ಆ ಮಾತು ಕ್ರೂರವಾದದ್ದು.

ನಮ್ಮಲ್ಲಿ ಸೀದ ಪಾತ್ರೆಯ ದಿನ ಯಾರೂ 'ಉರಿ ಹೆಚ್ಚಿಸಿದ್ದು ಯಾರು' ಎಂದು ಕೇಳಲಿಲ್ಲ. ದೊಡ್ಡಮ್ಮ ಕೇಳದಿದ್ದುದರಿಂದ ಬೇರೆಯವರಿಗೂ ಕೇಳಬೇಕು ಎನ್ನಿಸಲಿಲ್ಲ. ಉರಿ ಹೆಚ್ಚಿಸಿದವರು ರಾತ್ರಿ ಎಲ್ಲರೂ ಹೋದ ಮೇಲೆ ಅತ್ತಿಗೆಯ ಬಳಿ ತಾವಾಗಿಯೇ ಹೇಳಿದರಂತೆ. ಅವರು ಯಾರೆಂದು ಅತ್ತಿಗೆ ಇಂದಿಗೂ ನಮಗೆ ಹೇಳಿಲ್ಲ. ಕಪ್ಪಾದ ಆ ಪಾತ್ರೆಗೆ ನೀರು, ಅಡುಗೆ ಸೋಡ ಹಾಕಿ ಕುದಿಸಿ ರಾತ್ರಿಯಿಡೀ ಬಿಟ್ಟಿದ್ದೆವು. ಬೆಳಗ್ಗೆ ಕರಕಲು ಹಾಳೆಯಂತೆ ಎದ್ದುಬಂತು.

ಈಗ ದೊಡ್ಡ ಅಡುಗೆಯ ದಿನ ಒಂದು ದೊಡ್ಡ ಪಾತ್ರೆಯ ಬದಲು ಎರಡು ಮಧ್ಯಮ ಗಾತ್ರದವನ್ನು ಇಡುತ್ತೇವೆ. ಉಪ್ಪು ಹಾಕುವ ಅಧಿಕಾರ ಒಬ್ಬರಿಗೆ ಮಾತ್ರ. ಒಲೆಯ ಮುಂದಿನಿಂದ ಹೋಗುವವರು ಇನ್ನೊಬ್ಬರನ್ನು ಹೆಸರು ಹಿಡಿದು ಕರೆದು, ಪಾತ್ರೆ ಒಪ್ಪಿಸಿಯೇ ಹೋಗಬೇಕು. ಅಡುಗೆಮನೆಯ ಮೂಲೆಯಲ್ಲಿ ಒಂದು ದೊಡ್ಡ ಖಾಲಿ ಪಾತ್ರೆ, ಉಪ್ಪಿಲ್ಲದೆ ಬೇಯಿಸಿದ ಒಂದಿಷ್ಟು ಆಲೂಗಡ್ಡೆ, ಫ್ಲಾಸ್ಕಿನಲ್ಲಿ ಬಿಸಿನೀರು ಇರುತ್ತವೆ. ಬೇಗ ಬಂದವರಿಗೆ ಕೂರಲು ಹೇಳುವ ಮೊದಲು ಒಂದು ಕೆಲಸ ಕೊಡುತ್ತೇವೆ. ಬೇಸರ ಮಾಡಿಕೊಂಡವರನ್ನು ನಾನು ನೋಡಿಲ್ಲ.

ದೊಡ್ಡಮ್ಮನಿಗೆ ಈಗ ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ಕಳೆದ ಹಬ್ಬದಲ್ಲಿ ಸಿಹಿಯ ಹೊಣೆ ಹೊತ್ತವನು ಅಕ್ಕನ ಮಗ. ಹಣ್ಣಿನ ರಸ ಬೆರೆಸುವಾಗ ಹಾಲು ಇನ್ನೂ ಬಿಸಿಯಿತ್ತು, ನಮ್ಮ ಕಣ್ಣ ಮುಂದೆಯೇ ಒಡೆಯಿತು. ಹುಡುಗ ಬಿಳಿಚಿಕೊಂಡ. ಅತ್ತಿಗೆ ಒಲೆ ಆರಿಸಿ, ಸ್ಟೂಲು ಎಳೆದು, "ಮಧ್ಯಾಹ್ನ ಏನಾದರೂ ತಿಂದೆಯೇನೋ?" ಎಂದು ಕೇಳಿದರು. ತಿಂದಿರಲಿಲ್ಲ. ಅವನು ಎರಡು ಬಾಳೆಹಣ್ಣು ತಿನ್ನುವಷ್ಟರಲ್ಲಿ ಅತ್ತಿಗೆ ಸೋಸುವ ಬಟ್ಟೆ ಹುಡುಕಿ ತಂದರು, ಭಾವ ಹೊರಗೆ ಹೋಗಿ ಸಿಹಿ ಬದಲಾಗಿದೆ, ಇಪ್ಪತ್ತು ನಿಮಿಷ ಬೇಕು ಎಂದು ಹೇಳಿ ಬಂದರು. ಬಟ್ಟೆಯ ಒಂದು ತುದಿಯನ್ನು ನಾನು ಹಿಡಿದೆ, ಇನ್ನೊಂದನ್ನು ಅವನೇ ಹಿಡಿದು ಹಿಂಡಿದ.